ಮೂರು ಗಂಟು, ಒಂದು ಗಂಟಲು

ಬೆಟಗೇರಿಯ ಬಾಡಿಗೆ ಮನೆಗೆ ಬಂದು ಇಪ್ಪತ್ತು ದಿನವಾದರೂ ಮಹೆಕ ಮೂರು ಗಂಟುಗಳನ್ನು ಬಿಚ್ಚಿರಲಿಲ್ಲ. ಹಳೆಯ ಸೀರೆಗಳಲ್ಲಿ ಬಿಗಿದು ಕಟ್ಟಿದ ಆ ಗಂಟುಗಳು ಪಡಸಾಲೆಯ ಗೋಡೆಗೆ ಒರಗಿ, ಯಾರೂ ಊಟಕ್ಕೆ ಏಳಿಸದ ಬೀಗರ ಹಾಗೆ ಮುಖ ಊದಿಸಿಕೊಂಡು ಕುಳಿತಿದ್ದವು. ಒಂದರಲ್ಲಿ ಕೌದಿ, ಒಂದರಲ್ಲಿ ಗಾಜಿನ ಸಾಮಾನು, ಮತ್ತೊಂದರಲ್ಲಿ ಏನೇನೋ. ಕುಕ್ಕರಿನ ಸೀಟಿಯೂ ಅಲ್ಲೇ ಎಲ್ಲೋ ಸೇರಿಕೊಂಡಿತ್ತು.

"ಬಿಚ್ಚಲೇನು?" ಎಂದು ಗಂಡ ಶಾಹಬಾಜ ಕೇಳಿದರೆ, "ಮದ್ಲ ನಿಮ್ಮ ಬಾಯಿ ಕಟ್ರಿ, ಆಮ್ಯಾಲ ಗಂಟು ಬಿಚ್ಚೂಣು" ಎನ್ನುತ್ತಿದ್ದಳು.

ಆಕೆ ಹಾಗೆನ್ನುವುದಕ್ಕೆ ಕಾರಣವಿತ್ತು. ಶಾಹಬಾಜ ಗದಗಿನ ಪೇಂಟಿನ ಅಂಗಡಿಯಲ್ಲಿ ಬಣ್ಣ ಮಾರುತ್ತಿದ್ದ. ಬಿಡುವಾದಾಗ ಊರವರ ದನಿಗೆ ಬಣ್ಣ ಹಚ್ಚುತ್ತಿದ್ದ. ಲಕ್ಷ್ಮೇಶ್ವರದಲ್ಲಿ ಮನೆ ಮಾಲಕರ ಸೀನನ್ನು, ಸೀನಿದ ಮೇಲಿನ "ಯಪ್ಪಾ ಶಿವನ" ಸಮೇತ, ಅವರ ಬೆನ್ನ ಹಿಂದೆಯೇ ಮಾಡಿ ತೋರಿಸಿದ್ದ. ಅವರು ತಿರುಗಿ ನೋಡಿದರು, ಮನೆ ಹೋಯಿತು. ಗದಗಿನಲ್ಲಿ ಮಾಲಕಿಯ ದನಿಯಲ್ಲಿ ಹಾಲಿನವನಿಗೆ "ನಾಳಿಂದ ಎರಡ ಲೀಟರ್ ಜಾಸ್ತಿ ಹಾಕಪಾ" ಎಂದ. ಆಕೆಯ ಮನೆಯಲ್ಲಿ ಹಾಲೂ ಉಕ್ಕಿತು, ಸಿಟ್ಟೂ ಉಕ್ಕಿತು. ಆ ಮನೆಯೂ ಹೋಯಿತು. ಎರಡು ವರ್ಷದಲ್ಲಿ ಇದು ಮೂರನೆಯದು. ಗಂಡನ ಗಂಟಲಿನ ದೆಸೆಯಿಂದ ಗಂಟು ಕಟ್ಟಿ ಕಟ್ಟಿ ಮಹೆಕಳ ಬೆರಳು ಸವೆದಿದ್ದವು.

"ಈ ಓಣ್ಯಾಗ ಯಾ ಮನಶ್ಯಾನ ಅಣಕಾನೂ ಮಾಡಂಗಿಲ್ಲ. ಆಣಿ ಮಾಡ್ರಿ" ಎಂದಿದ್ದಳು ಬಂದ ದಿನವೇ.

ಮಾಡಿದ. ಆದರೆ ಕುಕ್ಕರು ಮನುಷ್ಯನಲ್ಲವಲ್ಲ ಎಂದು, ಸೀಟಿಯಿಲ್ಲದೆ ಸುಮ್ಮನೆ ಉಗಿ ಬಿಡುತ್ತಿದ್ದ ಕುಕ್ಕರಿನ ಪಕ್ಕದಲ್ಲಿ ನಿಂತು ತಾನೇ ಮೂರು ಸೀಟಿ ಹೊಡೆಯುತ್ತಿದ್ದ. ಬೇಳೆ ಮಾತ್ರ ಇದಕ್ಕೆ ಮೋಸ ಹೋಗಲಿಲ್ಲ.

ಅವನಿಗೆ ನಿಜವಾದ ಪರೀಕ್ಷೆಯೆಂದರೆ ಮನೆ ಮಾಲಕರಾದ ನರಸಿಂಹ ಮಾಸ್ತರು. ಗಣಿತ ಕಲಿಸಿ ನಿವೃತ್ತರಾದ ಅವರು ಹೆಂಡತಿ ಯಮುನಾಬಾಯಿಯೊಂದಿಗೆ ಅದೇ ಮನೆಯ ಮುಂದಿನ ಭಾಗದಲ್ಲಿ ಇದ್ದರು. ನಳದಲ್ಲಿ ನೀರು ಎಂಟು-ಹತ್ತು ದಿನಕ್ಕೊಮ್ಮೆ, ಹೊತ್ತಿಲ್ಲದ ಹೊತ್ತಿನಲ್ಲಿ ಬರುತ್ತಿತ್ತು. ಅವರ ಮನೆ ಓಣಿಯ ಬಾಯಿಗೇ ಇದ್ದುದರಿಂದ ನಳ ಮೊದಲು ಬುಸುಗುಟ್ಟುವುದು ಅಲ್ಲೇ. ಕೂಡಲೇ ಮಾಸ್ತರು ಹೊರಗೆ ಬಂದು, ಕೆಮ್ಮಿ, ಮೂಗಿನಿಂದ ದನಿ ಎಬ್ಬಿಸಿ, "ನಳಾ ಬಂದದೋ! ಕೊಡಾ ತರ್ರೆವಾ!" ಎಂದು ಕೂಗಿದರೆ ಇಡೀ ಓಣಿ ಹೊರಗೆ. ಬೇರೆ ಯಾರೇ ಕೂಗಲಿ, ಒಬ್ಬರೂ ಏಳುತ್ತಿರಲಿಲ್ಲ. ಹೋಳಿ ಹುಣ್ಣಿಮೆಯಲ್ಲಿ ಪಡ್ಡೆ ಹುಡುಗರು ಸುಳ್ಳು ಸುಳ್ಳೇ ಕೂಗಿ ಹೆಂಗಸರನ್ನು ಮೂರು ಸಲ ಓಡಾಡಿಸಿದಾಗಿನಿಂದ ಹೀಗೆ.

ಆ ಕೂಗನ್ನು ಮೊದಲ ಸಲ ಕೇಳಿದಾಗ ಶಾಹಬಾಜನ ತುಟಿಗಳು ತಾವಾಗಿಯೇ ಅಲ್ಲಾಡಿದವು. ಮಹೆಕ ಮೂರು ಗಂಟುಗಳತ್ತ ಬೆರಳು ತೋರಿಸಿದಳು. ತುಟಿ ನಿಂತವು.

ಈಗ ಮಾಸ್ತರ ಗಂಟಲು ಕಟ್ಟಿತ್ತು. ಎಂಟು ದಿನ ಮಾತೇ ಬೇಡವೆಂದು ಡಾಕ್ಟರು ಹೇಳಿದ್ದರು. ನಳಕ್ಕೆ ಅದು ಹೇಗೆ ಗೊತ್ತಾಗಬೇಕು? ಶಾಹಬಾಜನ ಅಂಗಡಿಗೆ ಸೂಟಿಯಿದ್ದ ದಿನ, ಮಧ್ಯಾಹ್ನ ಎರಡರ ಬಿಸಿಲಲ್ಲಿ ಬಂದೇಬಿಟ್ಟಿತು. ಮಾಸ್ತರು ಕೊರಳಿಗೆ ಟವೆಲ್ ಸುತ್ತಿಕೊಂಡು, ತಾಟನ್ನು ಚಮಚದಿಂದ ಬಡಿಯುತ್ತ ಹೊರಗೆ ಬಂದರು. ಒಂದು ಬಾಗಿಲೂ ತೆರೆಯಲಿಲ್ಲ. ಹಳೆಯ ಬಟ್ಟೆಗೆ ಸ್ಟೀಲಿನ ಡಬ್ಬಿ ಕೊಡುವ ಗಾಡಿಯವನೂ ಅದೇ ಹೊತ್ತಿಗೆ ಹೀಗೆಯೇ ಬಡಿಯುತ್ತ ಬರುತ್ತಿದ್ದ.

"ಹಳೇ ಸೀರಿ ಇಲ್ಲಪಾ, ಮುಂದ ಹೋಗು!" ಎಂದು ಎದುರು ಮನೆಯ ಸಿದ್ದಲಿಂಗವ್ವ ಒಳಗಿಂದಲೇ ಗದರಿಸಿದಳು.

ಮಹೆಕ ಹೊರಗೆ ಓಡಿಬಂದು "ನೀರ ಬಂದಾವ್ರೀ!" ಎಂದು ಕೂಗಿದಳು. ಹೊಸಬಳ ದನಿ, ಯಾರು ನಂಬಬೇಕು? ಮೂವತ್ತು ಮನೆಯ ಕದ ಒಂದೊಂದಾಗಿ ಬಡಿಯುವಷ್ಟರಲ್ಲಿ ನೀರು ನಿಲ್ಲುತ್ತಿತ್ತು. ತಾವು ಬಂದಿಳಿದ ದಿನ ಕೇಳುವ ಮೊದಲೇ ಎರಡು ಕೊಡ ತಂದಿಟ್ಟು, "ತಗೋ ಯವ್ವಾ, ಚಾಕ್ಕಾದ್ರೂ ಬೇಕಲ್ಲ" ಎಂದವಳು ಇದೇ ಸಿದ್ದಲಿಂಗವ್ವ. ಆಕೆಯ ನೀರಿನ ಬ್ಯಾರಲ್ಲು ನಿನ್ನೆಯೇ ಬರಿದಾಗಿತ್ತು.

ಮಹೆಕ ಒಮ್ಮೆ ಗಂಟುಗಳತ್ತ ನೋಡಿದಳು. ಒಮ್ಮೆ ಗಂಡನತ್ತ.

"ರೀ, ಮಾಡ್ರಿ."

"ಏನ್ ಮಾಡ್ಲಿ?"

"ಮಾಸ್ತರ ದನಿ."

"ಆಣಿ?"

"ಹಾಕ್ದಾಕಿ ನಾನ, ಬಿಟ್ಟಾಕಿನೂ ನಾನ. ಜಲ್ದಿ!"

"ಅವ್ರು ಇಲ್ಲೇ ನಿಂತಾರಲ್ಲ, ಮಾರಾಯ್ತಿ!"

"ನಿಲ್ಲಲಿ. ಹೋದ್ರ ಮನಿ ಹೋಗ್ತೈತಿ. ಗಂಟು ಹೆಂಗೂ ಕಟ್ಟೇ ಅದಾವು."

ಶಾಹಬಾಜ ಕಟ್ಟೆ ಹತ್ತಿದ. ಇಪ್ಪತ್ತು ದಿನ ತಡೆದಿಟ್ಟದ್ದು ಒಮ್ಮೆಲೇ ಹೊರಗೆ ಬಂತು. "ಎಹೆಂ! ನಳಾ ಬಂದದೋ! ಕೊಡಾ ತರ್ರೆವಾ!"

ಬಾಗಿಲುಗಳು ದಡಬಡ ತೆರೆದವು. ಕೊಡಕ್ಕೆ ಕೊಡ ತಾಗಿತು. ಎಲ್ಲರಿಗಿಂತ ಮೊದಲು ಹೊರಗೆ ಬಂದವರು ಯಮುನಾಬಾಯಿ. ಬಂದವರೇ ಮಾಸ್ತರನ್ನು ಹಿಡಿದುಕೊಂಡರು:

"ಡಾಕ್ಟರ್ ಪಿಟ್ ಅನಬ್ಯಾಡ್ರಿ ಅಂದಾರ, ನೀವು ಓಣಿ ತುಂಬ ಒದರ್ಲಿಕ್ಕೆ ಹತ್ತೀರಿ! ನಲವತ್ತ ವರ್ಷ ಆತು, ಒಂದ್ ಮಾತರೆ ಕೇಳೀರೇನು?"

ಮಾಸ್ತರು ಬಾಯಿ ಮುಚ್ಚಿಕೊಂಡೇ ಚಮಚದಿಂದ ಶಾಹಬಾಜನನ್ನು ತೋರಿಸಿದರು. ಆಮೇಲೆ ತಾಟು ಬಗಲಲ್ಲಿಟ್ಟುಕೊಂಡು ಒಳಗೆ ನಡೆದರು. ಮಹೆಕ ಅವರು ಹೋದ ಬಾಗಿಲನ್ನೇ ನೋಡುತ್ತ ನಿಂತಳು. ಕೊಡ ತುಂಬಿ ಹರಿಯುತ್ತಿದ್ದದ್ದೂ ಆಕೆಗೆ ತಿಳಿಯಲಿಲ್ಲ.

ಸಂಜೆ ಮಾಸ್ತರು ಬಂದರು. ಹಿಂದೆ ಯಮುನಾಬಾಯಿ. ಮಹೆಕ ಸೆರಗು ಸರಿಪಡಿಸಿಕೊಂಡು, "ಮಾಸ್ತರ, ತಪ್ಪು ನಂದ್ರಿ, ನಾನ ಹೇಳಿದ್ದೆ..." ಎಂದು ಶುರು ಮಾಡಿದಳು. ಮಾಸ್ತರು ಕೈ ಎತ್ತಿ ತಡೆದು, ಬಗಲಿನಿಂದ ಪಾಟಿ ತೆಗೆದು ತೋರಿಸಿದರು. ಬಳಪದ ದುಂಡು ಅಕ್ಷರ:

'ಹತ್ತಕ್ಕೆ ಒಂಬತ್ತು. ನಾನು ಎರಡು ಸಲ ಕೆಮ್ಮುತ್ತೇನೆ.'

ಅದನ್ನು ಟವೆಲಿನಿಂದ ಒರೆಸಿ ಮತ್ತೆ ಬರೆದರು: 'ನನ್ನ ಗಂಟಲು ಬಿಡುವ ತನಕ ಕೂಗು ನಿನ್ನದು. ಅಭ್ಯಾಸ ಮಾಡು.'

"ಆದ್ರ ನನ್ನ ಅಣಕಾ ಮಾಡಿದ್ಯೋ, ನೋಡಪಾ ಮತ್ತ" ಎಂದರು ಯಮುನಾಬಾಯಿ. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಅವರು ಅತ್ತ ಹೋದದ್ದೇ ತಡ, ಮಹೆಕ ನೆಲಕ್ಕೆ ಕುಳಿತು ಮೊದಲು ಕೈಗೆ ಸಿಕ್ಕ ಗಂಟನ್ನು ಎಳೆದುಕೊಂಡಳು. ಬಿಗಿದುಹೋಗಿತ್ತು, ಹಲ್ಲಿನಿಂದ ಎಳೆದು ಬಿಚ್ಚಿದಳು. ಲಟ್ಟಣಿಗೆ, ಇಕ್ಕಳ, ಮಸಾಲೆ ಡಬ್ಬಿ, ಅದರೊಳಗೆ ಸೀಟಿ.

ಕಟ್ಟೆಯ ಮೇಲೆ ಶಾಹಬಾಜ ಕೆಮ್ಮುತ್ತಿದ್ದ, ಎರಡೆರಡು ಸಲ.

"ರೀ, ಸೀಟಿ ಸಿಕ್ಕೈತಿ!" ಎಂದು ಕೂಗಿದಳು. "ಇವತ್ತರೆ ಬ್ಯಾಳಿ ಕುದಿಲಿ, ನೀವ್ ಹೊರಗ ಇರ್ರಿ!"