ಎರಡನೇ ಗುಂಪಿನ ಚಿಟ್ಟಿ

"ಯಾರು ಹೇಳ್ಕೊಟ್ಟಿದ್ದು ನಿಂಗೆ? ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?"

ದೊಡ್ಡ ಡಾಕ್ಟರು ಅಮ್ಮನ ಮೇಲೆ ಕೂಗಿದ ರಭಸಕ್ಕೆ, ಬೆಂಚು ಹಿಡಿದು ನಿಂತಿದ್ದ ಚಿಟ್ಟಿ ಕುಸಿದು ಕೂತಳು. ಅಷ್ಟರಲ್ಲಿ ಗೋಡೆಯ ಗಡಿಯಾರದ ಲೆಕ್ಕದಲ್ಲಿ ಅವಳು ಒಂದು ನಿಮಿಷ ಪೂರ್ತಿ ನಿಂತಾಗಿತ್ತು. ಐದು ವರ್ಷದ ಮಗು. ಹುಟ್ಟುವಾಗ ಉಸಿರು ಕಟ್ಟಿ, ಮಿದುಳಿಗೆ ಪೆಟ್ಟಾಗಿ, ಕಾಲೆರಡೂ ಕತ್ತರಿಯಂತೆ ಹೆಣೆದುಕೊಂಡೇ ಇದ್ದವು. ಅದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ. ಮೊದಲ ಗುಂಪಿನ ಮಗು ಹೀಗೆ ನಿಂತಿದ್ದರೆ ಆ ಕೋಣೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು.

"ಯಾರೂ ಹೇಳ್ಕೊಡ್ಲಿಲ್ಲ ಸಾರ್. ನೋಡಿ ಕಲ್ತೆ," ಅಂದಳು ಚಿಟ್ಟಿಯ ಅಮ್ಮ.

"ಎಲ್ಲಿ ನೋಡ್ದೆ?"

"ನೆಲ ಒರೆಸುವಾಗ."

ಆಸ್ಪತ್ರೆಯ ಆ ಮಹಡಿಯ ನೆಲ ಒರೆಸುವವಳು ಅವಳೇ. ಅಲ್ಲಿ ಇಂಥ ಮಕ್ಕಳಿಗೆ ಚಿಕಿತ್ಸೆ ಹುಡುಕುವ ಸಂಶೋಧನೆ ನಡೆದಿತ್ತು. ಮೊದಲ ಗುಂಪಿಗೆ ಹೊಸ ವ್ಯಾಯಾಮ, ಎರಡನೆಯದಕ್ಕೆ ಎಷ್ಟು ಹೊತ್ತು ನಿಲ್ಲುತ್ತಾರೆಂಬ ಬರೀ ಅಳತೆ. ವರ್ಷದ ಕೊನೆಗೆ ಎರಡನ್ನೂ ಹೋಲಿಸಿ ನೋಡಿ, ಆಮೇಲೆ ಉಳಿದವರಿಗೂ ಕಲಿಸುವುದು. ಚೀಟಿ ಎತ್ತಿದಾಗ ಚಿಟ್ಟಿ ಎರಡನೆಯದಕ್ಕೆ ಬಿದ್ದಳು. ಓದಿ ಹೇಳಿದ್ದಕ್ಕೆಲ್ಲ ಅಮ್ಮ ಹೂಂಗುಟ್ಟಿ ಹೆಬ್ಬೆಟ್ಟು ಒತ್ತಿದ್ದಳು. ಆದರೆ ಬೇರೆಯವರ ಮಕ್ಕಳು ಕಲಿಯುವಾಗ ಕಣ್ಣು ಮುಚ್ಚಿಕೊಂಡು ನೆಲ ಒರೆಸಬೇಕೆಂದು ಆ ಕಾಗದದಲ್ಲಿ ಇರಲಿಲ್ಲ. ವ್ಯಾಯಾಮದ ಕೋಣೆಯ ಒಂದೇ ಮೂಲೆಯನ್ನು ಮೂರು ಮೂರು ಸಲ ಒರೆಸಿ ನೋಡಿದಳು. ಅಲ್ಲಿ ಮರದ ಸ್ಟೂಲು ಇದ್ದರೆ ಮನೆಯಲ್ಲಿ ಬೋರಲು ಹಾಕಿದ ಬಕೆಟ್ಟು. ತೊಡೆಗಳ ನಡುವೆ ಇಡುವ ಮೆತ್ತೆಗೆ ಬದಲು ಸುತ್ತಿದ ಹಳೇ ಚಾದರ. ಬೆಳಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ ಮಗಳನ್ನು ಕೂರಿಸಿ ಏಳಿಸುತ್ತಿದ್ದಳು.

"ನಿನ್ನ ಮಗಳು ಈ ವರ್ಷ ನಿಲ್ಲಬಾರದಿತ್ತು, ಗೊತ್ತಾ? ನಮ್ಮ ಕೆಲಸ ಎಲ್ಲಾ ನೀರಲ್ಲಿ ಹೋಮ ಮಾಡಿದ ಹಾಗಾಯ್ತು." ಡಾಕ್ಟರು ಫೈಲಿನ ಮೇಲೆ ಅಡ್ಡಗೀಟು ಎಳೆದರು. "ಇವಳ ಹೆಸರು ತೆಗೆದಾಯ್ತು. ಮುಂದಿನ ವರ್ಷ ಕಲಿಸೋದೂ ಇಲ್ಲ. ನಡಿ."

ಹೊರಗೆ ಅವಳು ಆಗಷ್ಟೇ ಒರೆಸಿದ್ದ ನೆಲವನ್ನು ಬೂಟುಗಾಲಲ್ಲಿ ತುಳಿದು ಹೋಗುತ್ತಾ, "ಇದನ್ನ ಇನ್ನೊಂದ್ಸಲ ಒರೆಸು," ಅಂದರು.

ನೆಲ ಒರೆಸುವವರ ಮೇಸ್ತ್ರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. "ಏನೇ ಮುಂಡೇದೇ, ಡಾಕ್ಟರಾಗಕ್ಕೆ ಹೋಗಿದ್ಯಾ? ನಾಳೆಯಿಂದ ಕಕ್ಕಸು ತೊಳಿ. ಅಲ್ಲಿ ನೋಡಿ ಕಲಿಯಕ್ಕೆ ಏನೂ ಇಲ್ಲ."

ಬೈಗುಳ ಅವಳಿಗೆ ಹೊಸದಲ್ಲ. ಅವಳನ್ನು ಕಾಡಿದ್ದು ಬೇರೆ. ನಿಲ್ಲಿಸುವವರೆಗಷ್ಟೇ ಅವಳು ನೋಡಿದ್ದು. ನಿಂತ ಮೇಲೆ ಹೆಜ್ಜೆ ತೆಗೆಸುವುದು ಹೇಗೆ, ಯಾವ ಕಡೆ ಹಿಡಿಯಬೇಕು, ಗೊತ್ತಿಲ್ಲ. ಮನೆಯಲ್ಲಿ ಅಂದಾಜಿನ ಮೇಲೆ ಕೈ ಹಿಡಿದು ಎಳೆದಳು. ಚಿಟ್ಟಿ ಮುಗ್ಗರಿಸಿ ತುಟಿ ಒಡೆದುಕೊಂಡಳು. ಗೊತ್ತಿದ್ದವರು ವ್ಯಾಯಾಮದ ಕೋಣೆಯ ಗಾಜಿನ ಬಾಗಿಲಿನ ಆಚೆಗೇ ಇದ್ದರು.

ಮುಂದಿನ ವಾರ ಅಳತೆಯ ದಿನ. ಆಸ್ಪತ್ರೆಯ ಓಣಿಯಂಥ ಹಾದಿಯ ಈ ಬದಿ ಬೆಂಚಿನಲ್ಲಿ ಎರಡನೇ ಗುಂಪಿನ ಐವರು ತಾಯಂದಿರು, ಆ ಬದಿಯಲ್ಲಿ ಮೊದಲ ಗುಂಪಿನವರು. ಎರಡು ಗುಂಪಿನವರು ಒಬ್ಬರೊಡನೊಬ್ಬರು ಮಾತಾಡಕೂಡದೆಂದು ಕಟ್ಟಪ್ಪಣೆ. ಚಿಟ್ಟಿಯ ಅಮ್ಮ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕಕ್ಕಸಿನ ಕಡೆಯಿಂದ ತನ್ನ ಬಕೆಟ್ಟು ಹಿಡಿದು ಬಂದಳು. ಮಗಳನ್ನು ಬೆಂಚಿಗಿಳಿಸಿ, ನಡುವಿನ ನೆಲವನ್ನು ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿದಳು. ನೀರು ಚೆಲ್ಲಿ ಬಂದು, ಬಕೆಟ್ಟು ಬೋರಲು ಹಾಕಿ ಚಿಟ್ಟಿಯನ್ನು ಕೂರಿಸಿದಳು.

"ನೋಡ್ಕೊಳ್ಳಿ ಅಕ್ಕ. ಸೊಂಟ ಹಿಡೀಬೇಕು, ಕೈ ಎಳೀಬಾರ್ದು."

"ನಮ್ಮ ಹುಡುಗನ ಹೆಸರೂ ತೆಗೆದ್ರೆ?" ಅಂದಳು ಎರಡನೇ ಗುಂಪಿನ ಒಬ್ಬಳು.

"ನಿನ್ನ ಮಗ ಫೈಲಲ್ಲಿ ನಿಲ್ಬೇಕೋ, ಕಾಲ ಮೇಲೋ?"

ಆಕೆ ಮಗನನ್ನು ಮಡಿಲಿಂದ ಇಳಿಸಿಕೊಂಡು ನೆಲಕ್ಕೆ ಬಂದಳು. ಇನ್ನಿಬ್ಬರು ಬಂದರು.

ಚಿಟ್ಟಿ ಎದ್ದು ನಿಂತಳು. "ನಂಗೆ ಇಷ್ಟೇ ಗೊತ್ತು," ಅಂದಳು ಅಮ್ಮ, ಯಾರನ್ನೂ ನೋಡದೆ.

ಎದುರು ಬೆಂಚಿನ ಹೆಂಗಸೊಬ್ಬಳು ಡಾಕ್ಟರ ಬಾಗಿಲ ಕಡೆ ಒಮ್ಮೆ ನೋಡಿದಳು. ಕೈಚೀಲವನ್ನು ಪಕ್ಕದವಳ ಮಡಿಲಿಗೆ ಹಾಕಿ, ಎದ್ದು ಬಂದು ಚಿಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಮುಂದಿಂದು ನಂಗೊತ್ತು. ಭಾರ ಎಲ್ಲಾ ಈ ಕಾಲಿಗೆ ಬರೋ ಹಾಗೆ ವಾಲಿಸು. ಆ ಕಾಲು ಹಗುರ ಆಗತ್ತೆ. ಕಾಯ್ತಾ ಇರು, ಎಳೀಬೇಡ."

ಚಿಟ್ಟಿಯ ಹಿಮ್ಮಡಿ ನೆಲ ಬಿಟ್ಟಿತು. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರು, ಅವರ ಹಿಂದೆ ಮೇಸ್ತ್ರಿ.

"ಏನಿದು?"

ಮೊದಲ ಗುಂಪಿನವಳು ಮೇಲೇಳಲಿಲ್ಲ. ಚಿಟ್ಟಿಯ ಅಮ್ಮ ಮಗಳ ಸೊಂಟದಿಂದ ಕೈ ತೆಗೆಯಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ.

"ನೆಲ ಈಗಷ್ಟೇ ಒರೆಸಿದ್ದೀನಿ ಸಾರ್. ಬೂಟು ಬಿಚ್ಚಿ ಬನ್ನಿ."