ನೀರುಗಂಟಿಯ ಕಿವಿ

ಬಸ್ಸಿನ ಕಿಟಕಿ ಗಾಜು ನಡುಗ್ತಿದೆ, ಗೇರು ಬದಲಾದಾಗಲೆಲ್ಲ ಅದೇ ಗುಂಯ್ ಹಲ್ಲಿನ ಬುಡಕ್ಕೆ ಬಂದು ಕೂತ್ಕೊಳುತ್ತೆ, ಥೂ, ನಂಜನಗೂಡು ಬಿಟ್ಟು ಇಪ್ಪತ್ತು ನಿಮಿಷ ಆಯ್ತು, ಆ ಸಭಾಂಗಣ ಇನ್ನೂ ಮೈಗೆ ಅಂಟಿಕೊಂಡೇ ಇದೆ, ಬೆವರಿದ ಕತ್ತಿಗೆ ಕೂದಲು ಅಂಟಿದ ಹಾಗೆ — ಪಕ್ಕದಲ್ಲಿ ಅಪ್ಪ, ಎರಡು ಮಂಡಿ ನಡುವೆ ನನ್ನ ಗಿಟಾರಿನ ಚೀಲ ನಿಲ್ಲಿಸ್ಕೊಂಡು, ನಾನಿಟ್ಕತೀನಿ ಕೊಡವ್ವ ಅಂತ ಇಸ್ಕೊಂಡ, ಮೂವತ್ತು ವರ್ಷ ಕಾಲುವೆ ತೂಬಿನ ಹಲಗೆ ಎತ್ತಿ ಇಳಿಸಿದ ಕೈ, ಚೀಲದ ಕುತ್ತಿಗೆಯನ್ನ ಹಲಗೆ ಹಿಡಿದ ಹಾಗೇ ಹಿಡಿದಿದೆ, ಸೋಸಲೆ ಸುತ್ತಮುತ್ತ ಯಾವ ಗದ್ದೆಗೆ ಯಾವತ್ತು ನೀರು ಅಂತ ತಲೆಯಲ್ಲೇ ಇಟ್ಟುಕೊಂಡಿದ್ದ ನೀರುಗಂಟಿ ಕೆಂಪಯ್ಯ, ಅವನ ಮೇಲೆ ಹಾಡು ಬರೆದೆ ಅಂದಾಗ ನಕ್ಕುಬಿಟ್ಟಿದ್ದ, ನನ್ ಮ್ಯಾಲೆ ಏನಿದ್ದದವ್ವ ಬರಿಯಕ್ಕೆ, ಆಮೇಲೆ ದಿನಾ ಕೇಳೋನು, ಏನಂತ ಬರ್ದಿದ್ದೀ, ವಸಿ ಯೋಳು, ನಾನು ಹೇಳಲಿಲ್ಲ, ಕಿವಿಗೆ ಮಿಷನ್ನು ಬರಲಿ ಅಂದೆ, ಹದಿನೈದು ದಿನದ ಹಿಂದೆ ಮಿಷನ್ನು ಬಂತು, ಆಗಲೂ ಹೇಳಲಿಲ್ಲ, ನಂಜನಗೂಡಲ್ಲಿ ಪ್ರೋಗ್ರಾಮ್ ಇದೆಯಲ್ಲಪ್ಪ, ಸ್ಟೇಜ್ ಮೇಲೆ ಹಾಡ್ತೀನಿ, ಮುಂದಿನ ಸಾಲಲ್ಲಿ ಕೂತ್ಕೊಂಡು ಕೇಳು — ಜಂಬ, ಬೇರೇನಲ್ಲ, ಮನೆ ಜಗಲಿ ಮೇಲೆ ವೈರಿಲ್ಲದೆ, ಸ್ಪೀಕರ್ ಪೆಟ್ಟಿಗೆಯಿಲ್ಲದೆ, ಅವನ ಮಂಡಿಗೆ ಮಂಡಿ ತಾಗಿಸಿ ಹಾಡಬಹುದಿತ್ತು, ನನಗೆ ಮುನ್ನೂರು ಜನ ಬೇಕಿತ್ತು.

ಬೆಳಿಗ್ಗೆ ಹತ್ತಕ್ಕೇ ಹೋಗಿದ್ದೆ, ಟೆಸ್ಟ್ ಮಾಡೋಣ ಅಂತ, ಸೌಂಡ್ ಮಧುಕುಮಾರ್ ಬಂದಿದ್ದು ಹನ್ನೊಂದೂವರೆಗೆ, ಬಾಯ್ತುಂಬ ಗುಟ್ಕಾ, ಹಲಗೆ ಸ್ಟೇಜಿನ ಬುಡಕ್ಕೆ ಆಳೆತ್ತರದ ಬೇಸ್ ಬಾಕ್ಸ್ ಎರಡು ತಂದು ಒತ್ತಿಟ್ಟ, ಮೆರವಣಿಗೆಗೆ ಕಟ್ಟೋ ಬಾಕ್ಸು, ಗಿಟಾರಿಗೆ ವೈರ್ ಚುಚ್ಚಿ ಮೇಲಿಂದ ಎರಡನೇ ದಪ್ಪ ತಂತಿ ಮೀಟಿದೆ, ಗುಂಯ್ — ಮೀಟಿದ್ದು ನಿಂತರೂ ಅದು ನಿಲ್ಲಲಿಲ್ಲ, ಬಾಕ್ಸಿಂದ ಬಂದದ್ದು ಗಿಟಾರಿನ ಹೊಟ್ಟೆಗೆ ಹೋಗಿ, ಹೊಟ್ಟೆಯಿಂದ ವೈರಿಗೆ, ವೈರಿಂದ ಮತ್ತೆ ಬಾಕ್ಸಿಗೆ, ಸುತ್ತಿ ಸುತ್ತಿ ಊದಿಕೊಳ್ಳುತ್ತೆ, ಹೊಟ್ಟೆ ಕೆಟ್ಟವನು ಮುಖದ ಮೇಲೇ ತೇಗಿದ ಹಾಗೆ, ಅಸಹ್ಯ. ಬೇಸ್ ಕಮ್ಮಿ ಮಾಡಿ ಮಧು ಅವರೇ, ಬಾಕ್ಸ್ ಸ್ವಲ್ಪ ಆಚೆ ಸರಿಸಿ, ಅಂದೆ, ಅವನು ಗುಟ್ಕಾ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿ, ಜನ ತುಂಬುದ್ ಮೇಲೆ ಸರೋಯ್ತದೆ ಮೇಡಂ, ಬೇಸ್ ಇಲ್ದಿದ್ರೆ ಹಾಡಿಗೆ ತೂಕ ಇರಕ್ಕಿಲ್ಲ, ನಿಮ್ ಗಿಟಾರೇ ಹಂಗದೆ ಬುಡಿ, ಅಂದ, ನಾನು ತಲೆಯಾಡಿಸಿದೆ. ಹತ್ತೊಂಬತ್ತು ವರ್ಷ ಟಿ. ನರಸೀಪುರದ ಹೈಸ್ಕೂಲಲ್ಲಿ ಮಕ್ಕಳಿಗೆ ಬಾಯಿ ಬಿಟ್ಟು ಕೇಳಿ ಕೇಳಿ ಅಂತ ಪಾಠ ಹೇಳಿದ ಹೇಮಲತಾ ಮೇಡಂ, ತಲೆಯಾಡಿಸಿ ವೈರ್ ಸುತ್ತಿಕೊಂಡು ಕೆಳಗಿಳಿದಳು.

ಹಾಡೋ ಮುಂಚೆ ಸನ್ಮಾನ, ಪ್ರೋಗ್ರಾಮ್ ಇಟ್ಟ ಸಂಘದ ಅಧ್ಯಕ್ಷ ಪುಟ್ಟಬಸವಯ್ಯನವರು ಶಾಲು ಹೊದಿಸಿದರು, ನುಸಿಗುಳಿಗೆ ವಾಸನೆ, ಮಡಿಕೆಯಲ್ಲಿ ಯಾರದೋ ಹಳೇ ಕುಂಕುಮದ ಕಲೆ, ನಗಬೇಕು ಫೋಟೋಗೆ, ಬಾಕ್ಸಿನ ಪಕ್ಕಕ್ಕೇ ಬನ್ನಿ ಮೇಡಂ, ಲೈಟಿದೆ, ಅಂದ ಫೋಟೋದವನು, ನಕ್ಕೆ, ಬಾಕ್ಸಿನ ಪಕ್ಕಕ್ಕೇ ನಿಂತೆ. ಹಾಡಿನ ಮೊದಲ ಸಾಲಿಗೇ ಶುರುವಾಯ್ತು, ನನ್ನ ಮಾತನ್ನ ಗುಂಯ್ ನುಂಗ್ತಾ ಹೋಯ್ತು, ಗಿಟಾರಿನ ಬೆನ್ನು ನನ್ನ ಪಕ್ಕೆಲುಬಿಗೆ ಗುದ್ದುತ್ತಿತ್ತು, ಹೆಬ್ಬೆರಳು ಕೆಳಕ್ಕೆ ತೋರಿಸಿದೆ, ಕಮ್ಮಿ ಮಾಡು ಅಂತ, ಮಧುಕುಮಾರ್‌ಗೆ ಅರ್ಥವಾದದ್ದು ಗಿಟಾರು ಕಮ್ಮಿ ಕೇಳುತ್ತೆ ಅಂತ, ಇನ್ನೂ ಏರಿಸಿದ, ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಆಗ ಕಂಡಿದ್ದು ಅಪ್ಪ. ಮುಂದಿನ ಸಾಲು, ಎಡಗಡೆಯಿಂದ ಮೂರನೇ ಕುರ್ಚಿ, ಮಿಷನ್ನು ಕಾಣದಿರಲಿ ಅಂತ ಕಿವಿ ಮೇಲಿಂದ ಟವಲ್ಲು ಸುತ್ತಿದ್ದ, ಕಣ್ಣು ಮುಚ್ಚಿದ, ಮುಖ ಕಿವುಚಿಕೊಂಡ, ಆ ಮಿಷನ್ನಿಗೆ ಹಾಡು ಯಾವುದು ಗುಂಯ್ ಯಾವುದು ಗೊತ್ತಾ, ಎಲ್ಲವನ್ನೂ ದೊಡ್ಡದು ಮಾಡಿ ಕಿವಿಗೆ ಸುರೀತದೆ, ಟವಲ್ಲಿನೊಳಗೆ ಬೆರಳು ತೂರಿಸಿ, ಮುಳ್ಳು ತೆಗೆಯೋ ಹಾಗೆ ಅದನ್ನ ಕಿತ್ತು, ಅತ್ತ ಇತ್ತ ನೋಡಿ ಜೇಬಿಗೆ ಹಾಕ್ಕೊಂಡ, ಆಮೇಲೆ ನನ್ನ ಕಡೆ ನೋಡಿ ನಕ್ಕ.

ಕೈ ತಾನೇ ನಿಂತಿತು. ಯಾಕಮ್ಮ, ಚೆನ್ನಾಗೇ ಬರ್ತಿತ್ತಲ್ಲ, ಪುಟ್ಟಬಸವಯ್ಯನವರು, ನಾನು ಹೆಗಲ ಮೇಲಿನ ಶಾಲು ಎಳೆದು, ತಂತಿಗಳ ಸಂದಿಯಲ್ಲಿ ಒಂದು ಮೂಲೆ ತೂರಿಸಿ, ಗಿಟಾರಿನ ತೂತಿನೊಳಕ್ಕೆ ಬೆರಳಿಂದ ತುರುಕ್ತಾ ಹೋದೆ, ತುರುಕಿ, ತುರುಕಿ, ಜರಿ ಅಂಚು ನಾಲಿಗೆ ಹಾಗೆ ಹೊರಗೆ ಉಳಿಯಿತು, ಅದು ಸನ್ಮಾನದ್ ಶಾಲು ಕಣಮ್ಮ, ಅಂದರು, ಗೊತ್ತು ಸಾರ್, ಅಂದೆ, ಮೈಕಿನಲ್ಲೇ ಅಂದೆ, ಮಧುಕುಮಾರ್, ಗಿಟಾರಿನ ಬೇಸ್ ಪೂರ್ತಿ ಇಳಿಸಿ, ಇಳಿಸೋವರೆಗೂ ನಾನು ಹಾಡಲ್ಲ. ಮುನ್ನೂರು ಜನ ತಿರುಗಿ ಅವನನ್ನ ನೋಡಿದರು, ಅವನು ಬೇಸಿನ ಗುಂಡಿ ತಿರುಗಿಸಿದ, ನಾನು ಬಾಕ್ಸಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತು ಮತ್ತೆ ಮೀಟಿದೆ, ಬರೀ ತಂತಿ, ಕಾಯಿಲೆ ಬಿಟ್ಟೆದ್ದ ಮನುಷ್ಯನ ದನಿ, ತೆಳ್ಳಗೆ, ನೆಟ್ಟಗೆ. ಮೊದಲಿಂದ ಹಾಡಿದೆ. ಒಂದೊಂದು ಅಕ್ಷರವೂ ಗೋಡೆವರೆಗೂ ಹೋಯ್ತು, ಹಿಂದಿನ ಸಾಲು ಸುಮ್ಮನಾಯ್ತು — ಅಪ್ಪ ನನ್ನ ಬಾಯನ್ನೇ ನೋಡ್ತಿದ್ದ, ಮಿಷನ್ನು ಜೇಬಲ್ಲೇ, ಹಾಕ್ಕೊಳಪ್ಪ ಅಂತ ಮೈಕಲ್ಲಿ ಹೇಗೆ ಹೇಳಲಿ, ಟವಲ್ಲಲ್ಲಿ ಮುಚ್ಚಿಟ್ಟ ಕಿವಿಯನ್ನ ಊರ ಮುಂದೆ ಹೇಗೆ ಬಿಚ್ಚಲಿ, ಮುಚ್ಚಿದ ಕಿವಿಗೇ ಐದೂ ನುಡಿ ಹಾಡಿದೆ, ಮುಗೀತು, ಎಲ್ಲರೂ ಚಪ್ಪಾಳೆ, ಅಪ್ಪ ಪಕ್ಕದವನ ಕೈ ನೋಡಿ ಆಮೇಲೆ ಶುರುಮಾಡಿದ, ಎಲ್ಲರೂ ನಿಲ್ಲಿಸಿದ ಮೇಲೂ ತಟ್ತಾನೇ ಇದ್ದ.

ಬಸ್ ಹತ್ತೋವಾಗ ಮುಖಕ್ಕೆ ಮುಖ ಕೊಟ್ಟು ಕೇಳಿದೆ, ಹೆಂಗಿತ್ತಪ್ಪ, ಬೋ ಚೆನ್ನಾಗಿತ್ತು ಕಣವ್ವ, ಎಲ್ಲ ಕೇಳುಸ್ತು, ಕೊನೆಗೆ ನಿಮ್ಮವ್ವನ್ನ ತಂದ್ಯಲ್ಲ, ಗದ್ದೆ ಬದೀಗೆ ಬುತ್ತಿ ತತ್ತಿದ್ದುದು, ಅಲ್ಲಿ ನಂಗೆ ಅಳು ಬಂದ್ಬುಡ್ತು. ಹಾಡಲ್ಲಿ ಅವ್ವ ಇಲ್ಲ. ಐದು ನುಡಿಯಲ್ಲಿ ಎಲ್ಲೂ ಇಲ್ಲ, ಕಾಲುವೆ ಇದೆ, ಹಲಗೆ ಇದೆ, ಬೆಳದಿಂಗಳಿದೆ, ಎರಡು ವರ್ಷ ತಿದ್ದಿದ್ದೇನೆ, ಮುತ್ತಮ್ಮ ಅನ್ನೋ ಹೆಂಗಸಿನ ಬುತ್ತಿ ನನಗೆ ಹೊಳೆಯಲೇ ಇಲ್ಲ, ಅವನಿಗೆ ಕೇಳದೇ ಹೋಗಿದ್ದೇ ಒಳ್ಳೇದಾಯ್ತಾ, ಥೂ, ಏನು ಬುದ್ಧಿ ನನ್ನದು — ಹದಿನಾರು ಅನ್ನೋ ಊರಿನ ಕಡೆ ತಿರುಗೋ ಕ್ರಾಸು, ಡ್ರೈವರ್ ಇಂಜಿನ್ ಆಫ್ ಮಾಡಿ ಟೀಗೆ ಇಳಿದ, ಗುಂಯ್ ಸತ್ತುಹೋಯ್ತು, ಗಾಜು ನಿಂತಿತು, ಎಲ್ಲಿಂದಲೋ ಸಣ್ಣಗೆ ಕುಂಯ್ ಅನ್ನೋ ಸಿಳ್ಳು, ಸೂಜಿಯಂಥದ್ದು, ಯಾರದೋ ಫೋನಾ, ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು, ಹಿಂದಿನವನೂ ನೋಡಿದ, ಎಲ್ಲರ ಕಣ್ಣೂ ಅಪ್ಪನ ಅಂಗಿ ಮೇಲೆ, ಮಿಷನ್ನು ಆಫ್ ಮಾಡದೆ ಜೇಬಿಗೆ ಹಾಕಿದ್ದಾನೆ, ಬಟ್ಟೆ ಒಳಗೇ ತನ್ನ ಸದ್ದು ತಾನೇ ಕೇಳಿಕೊಂಡು ಕೂಗ್ತಿದೆ ಅದು, ಅಪ್ಪ ಕಿಟಕಿಯಾಚೆ ಕಾಲುವೆ ನೀರು ನೋಡ್ತಾ ಕೂತಿದ್ದಾನೆ, ಅವನಿಗೆ ಕೇಳ್ತಿಲ್ಲ, ಆ ಜೇಬು, ಗುಂಡಿ ಹಾಕಿದ ಆ ಬಿಳೀ ಜೇಬು, ಕುಂಯ್, ಆ ಜೇಬು —