ನಮ್ಮ ಮನಿ ಚಿಲಕದ ಸಪ್ಪಳ

ಖಟ್, ಮತ್ತೆ ಅದೇ, ಬಸ್ಸಿನ ಗಾಜು ಅಲುಗಿದ್ದಲ್ಲ, ಮುಂದೆ ಭಾನಾಪುರ ಕ್ರಾಸಿನಲ್ಲಿ ಮಂದಿ ಮುಕುರಿದ ಓಟಿನ ಪ್ರಚಾರದ ಆಟೋದ ಮೈಕಿನಿಂದ ಬಂದದ್ದು, ಗೋವಿಂದರಾಜನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆ ಚಿಲಕ ಅವನ ಮನೆಯದು, ಅದರ ಬೆನ್ನಿಗೇ ಮತ್ತೆ ಮೊದಲಿನಿಂದ ಶುರುವಾಗುವ ದನಿಯೂ ಅವನದೇ, ತಾಯಂದಿರೇ, ಅಕ್ಕತಂಗಿಯರೇ, ಇಂದು ಪಕ್ಕದ ಓಣಿಯಲ್ಲಿದ್ದಾರೆ, ನಾಳೆ ನಿಮ್ಮ ಬಾಗಿಲಲ್ಲಿರುತ್ತಾರೆ, ನಗುನಗುತ್ತಾ ಬರುತ್ತಾರೆ — ಅಲ್ಲೊಂದು ಬಿಡುವು, ಉಸಿರು ಹಿಡಿದು ಬಿಟ್ಟ ಬಿಡುವು, ಅದನ್ನು ಅವನೇ ಇಟ್ಟದ್ದು — ಬಾಗಿಲು ತೆರೆಯುವ ಮುನ್ನ ಯೋಚಿಸಿ, ಖಟ್. ಪಕ್ಕದವನು ಮಿರ್ಚಿಯ ಪೊಟ್ಟಣ ಬಿಚ್ಚಿದ, ಎಣ್ಣೆಯ ವಾಸನೆ, ಏನ್ ದನೀರಿ ಅದು, ಮೈಯೆಲ್ಲ ಜುಮ್ ಅಂತೈತಿ, ಹೌದ್ರಿ ಅಂದ ಗೋವಿಂದರಾಜ, ಬೇರೆಯವನ ದನಿಯನ್ನು ಹೊಗಳಿದ ಹಾಗೆ. ಕಂಡಕ್ಟರ್ ಕೆಳಗಿಳಿದು ಹೋಗಿ ಬಂದ, ಮೆರವಣಿಗಿ ದಾಟೂ ಮಟ ಬಸ್ಸು ಅಲ್ಲಾಡೂದಿಲ್ರಿ. ಮಂಗಳೂರು ಇನ್ನೂ ಅರ್ಧ ತಾಸಿನ ದಾರಿ, ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು, ಈ ಮಾತನ್ನು ಹೇಳಿ ಎಷ್ಟು ಸಲ ನಗಿಸಿದ್ದಾನೆ, ಈಗ ಫೋನನ್ನು ಮತ್ತೆ ಕಿವಿಗಿಟ್ಟ. ಅವ್ವ ಫೋನ್ ಎತ್ತುತ್ತಿಲ್ಲ. ಬೆಳಿಗ್ಗೆಯಿಂದ ಎತ್ತುತ್ತಿಲ್ಲ. ಮೂರು ದಿನದಿಂದ ಸೂಜಿ ಇಲ್ಲ.

ಆ ಸೂಜಿ ಹಾಕುವವಳು ಪಕ್ಕದ ಮನೆಯ ರಜಿಯಾಬೇಗಂ, ದವಾಖಾನೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು, ಗೋವಿಂದರಾಜನಿಗೆ ಚಿಗವ್ವ, ಅವ್ವನಿಗೆ ಸಕ್ಕರೆ ಬೇನೆ ಬಂದಾಗಿನಿಂದ ದಿನಾ ಬೆಳಿಗ್ಗೆ ಸ್ಟೀಲಿನ ಡಬ್ಬಿ ಹಿಡಿದು ಬಂದು, ದುರುಗಕ್ಕಾ ಹೊಟ್ಟಿ ತೋರ್ಸವಾ ಅನ್ನುವವಳು, ಅವ್ವ ನಾಚಿಕೊಂಡು ಸೀರೆ ಸರಿಸುವವಳು, ಆಮೇಲೆ ಇಬ್ಬರೂ ಚಹಾ ಕುಡಿದು ಊರವರ ಸುದ್ದಿಯನ್ನೆಲ್ಲ ಒರೆಗೆ ಹಚ್ಚುವವರು. ಅವಳು ಮೊನ್ನೆ ಫೋನ್ ಮಾಡಿದ್ದಳು, ಅಕ್ಕ ಬಾಗಲಾ ತಗೀವಲ್ಲಳಪ್ಪಾ ಗೋವಿಂದಾ, ಕಿಡಕ್ಯಾಗ ನೋಡಿದ್ರ ಮಾರಿ ತಿರುವ್ತಾಳ, ನಾ ಏನರೆ ತಪ್ಪು ಮಾಡೀನೇನು. ಅವನು ಅವ್ವನಿಗೆ ಫೋನ್ ಹಚ್ಚಿದ, ಆಗಿನ್ನೂ ಎತ್ತುತ್ತಿದ್ದಳು, ಎಷ್ಟು ಹೆಮ್ಮೆ ಅವಳ ದನಿಯಲ್ಲಿ, ಚಿಲಕ ಹಾಕ್ಕೊಂಡೀನಪ್ಪಾ ನೀ ಹೇಳಿದಂಗ. ಅದು ಓಟಿನ ಮಾತವ್ವಾ, ಚಿಗವ್ವಗಲ್ಲ, ತಗಿ. ನೀ ನನಗ ಹುಚ್ಚಿ ಮಾಡಬ್ಯಾಡ, ಆಟೋದಾಗ ನಮ್ಮ ಮನಿ ಚಿಲಕದ ಸಪ್ಪಳ ಕೇಳೀನಿ ನಾನು, ನಲವತ್ತು ವರ್ಷ ಹಾಕಿ ತಗದ ಚಿಲಕ, ಗುರುತು ಹತ್ತೂದಿಲ್ಲೇನು, ನಗತಾ ಬರ್ತಾರ ಅಂದಿ, ಆಕಿ ನಗತಾನ ಬಂದ್ಳು, ಮೈಕಿನಾಗ ಒಂದು ಹೇಳ್ತಿ, ಫೋನಿನಾಗ ಒಂದು ಹೇಳ್ತಿ, ಯಾವುದು ನಂಬಲಿ. ಅವನಿಗೆ ನಗು ಬಂತು, ದೇವರೇ, ನಗು, ಗಂಗಾವತಿಯ ಪ್ರಚಾರದ ಆಫೀಸಿನಲ್ಲಿ ಚಹಾ ಹಿಡಿದುಕೊಂಡು, ಪ್ರಚಾರದ ಮಾತು ಬರೆಯುವ ತಿರುಪತಿಗೆ ಹೇಳಿದ್ದ, ನಮ್ಮವ್ವಾನೂ ಅಂಜ್ಯಾಳ ನೋಡ್ರಿ, ತಿರುಪತಿ ತೊಡೆ ತಟ್ಟಿ, ಹಂಗಾರ ಗೆದ್ವಿ ತಗೋರಿ ಅಂದಿದ್ದ. ಓಟು ಬೀಳುವ ಮೊದಲೇ ಗೆದ್ದರು. ಮರುದಿನವೂ ಚಿಗವ್ವನ ಫೋನ್ ಬಂತು, ಅವನು ಕುಷ್ಟಗಿಯಲ್ಲಿ ಸಭೆಯ ಮೈಕಿನ ಮುಂದಿದ್ದ, ಆಮೇಲೆ ಹಚ್ಚಿದರಾಯಿತು ಅಂದುಕೊಂಡ, ಆಮೇಲೆ ಮರೆತ. ಹೆಂಡತಿ ಕವಿತಾ ಹೆರಿಗೆಗೆ ತವರಿಗೆ ಹೋದವಳು ಮನೆಯಲ್ಲಿದ್ದಿದ್ದರೆ — ಇಲ್ಲ, ಕವಿತಾ ಏನು ಮಾಡಬೇಕಿತ್ತು, ಮರೆತವನು ಅವನು.

ಬಸ್ಸು ಒಂದು ಮಾರು ಸರಿದು ನಿಂತಿತು. ಬಿಸಿಲು ಸೀಟಿನ ರೆಕ್ಸಿನನ್ನು ಕಾಯಿಸುತ್ತಿದೆ, ದನಿ ಮುಂದೆ ಮುಂದೆ ಹೋಗುತ್ತಿದೆ, ಅವನಿಗಿಂತ ಮೊದಲು ಅವನೇ ಊರು ಮುಟ್ಟುವ ಹಾಗೆ. ದನಿಯಿಂದಲೇ ಉಂಡವನು, ಸೀರೆ ಅಂಗಡಿಯ ರಿಯಾಯಿತಿ, ಪೋಲಿಯೊ ಹನಿ, ತೀರಿಕೊಂಡವರ ಸುದ್ದಿ, ಊರ ನಾಟಕದಲ್ಲಿ ಹದಿನೆಂಟು ವರ್ಷ ಖಳನಾಯಕ, ಅವನು ಪರದೆ ಸರಿಸಿ ಬಂದರೆ ಮುಂದೆ ಕೂತ ಹೆಂಗಸರು ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು, ಅವರ ನಡುವೆ ಅವ್ವ ಮತ್ತು ಚಿಗವ್ವ ಒಂದೇ ಚಾಪೆಯ ಮೇಲೆ, ಇಬ್ಬರೂ ಬೈಯುತ್ತಾ, ಸುಡ್ಲಿ ನಿನ ದನಿ, ಇಬ್ಬರೂ ನಗುತ್ತಾ. ಅದು ಆಟ, ಪರದೆ ಬಿದ್ದರೆ ಮುಗಿಯಿತು, ಇದಕ್ಕೆ ಪರದೆಯೇ ಇಲ್ಲ ಎಂದು ಅವನಿಗೆ ಹೊಳೆಯಲೇ ಇಲ್ಲವೇ, ಹೊಳೆದಿತ್ತು, ಸುಳ್ಳು ಯಾಕೆ. ತಿರುಪತಿ ಬರೆದು ತಂದ ಹಾಳೆಯಲ್ಲಿ ಮೊದಲು ರಸ್ತೆ ಇತ್ತು, ಕುಡಿಯುವ ನೀರಿತ್ತು, ಕಾಲೇಜು ಇತ್ತು, ಅದನ್ನೆಲ್ಲ ಅವನೇ ಹೊಡೆದು ಹಾಕಿ ಅಂದಿದ್ದ, ರಸ್ತಿ ಅಂದ್ರ ಮಂದಿ ಆಕಳಸ್ತಾರ್ರಿ ರಾಜಣ್ಣ, ಅಂಜಿಸಿದ್ರ ಎದ್ದು ಕೂಡ್ತಾರ, ಆದರ ಯಾರು ಅಂತ ಹೆಸರು ಹೇಳಬಾರ್ದು, ಹೇಳಿದ್ರ ಕೇಸಾಗ್ತೈತಿ. ಹೆಸರೇ ಬ್ಯಾಡ ಬಿಡ್ರಿ, ಕೇಳಿದವರು ತಾವ ತುಂಬ್ಕೋತಾರ, ಇದು ಯಾರಂದದ್ದು, ತಿರುಪತಿಯಲ್ಲ, ಗೋವಿಂದರಾಜ ಅಂದದ್ದು, ಜಾಣತನ ಮಾಡಿದ ಖುಷಿಯಲ್ಲಿ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು, ಕೊನೆಗೊಂದು ಸಪ್ಪಳ ಬೇಕು ಅನ್ನಿಸಿತು, ರೆಕಾರ್ಡಿಂಗ್ ರೂಮಿನ ಬಾಗಿಲಿಗೆ ಚಿಲಕವೇ ಇರಲಿಲ್ಲ, ಊರಿಗೆ ಬಂದಾಗ ಫೋನನ್ನು ಬಾಗಿಲಿಗೆ ಹಿಡಿದು ಅಜ್ಜನ ಕಾಲದ ಕಬ್ಬಿಣದ ಚಿಲಕವನ್ನು ಏಳು ಸಲ ಹಾಕಿದ, ಏಳನೆಯದು ಚೆನ್ನಾಗಿ ಬಂತು. ಅವ್ವ ಒಳಗಿನಿಂದ, ಏನ್ ಮಾಡಾಕತ್ತಿಯೋ. ನಿನ್ನ ಚಿಲಕಾ ಊರೂರು ತಿರುಗ್ತೈತಿ ನೋಡವ್ವಾ. ಅವ್ವ ನಕ್ಕಿದ್ದಳು. ಹೆಸರಿನ ಜಾಗ ಖಾಲಿ ಬಿಟ್ಟ, ಅವ್ವ ತುಂಬಿಕೊಂಡಳು, ಅವಳಿಗೆ ಗೊತ್ತಿದ್ದ, ದಿನಾ ನಗುತ್ತಾ ಬಾಗಿಲಿಗೆ ಬರುವ ಒಂದೇ ಒಂದು ಮುಖದಿಂದ. ಇಂದು ಮುಂಜಾನೆ ಮೂರನೆಯ ಫೋನಿನಲ್ಲಿ ಚಿಗವ್ವ ಅಳುತ್ತಿದ್ದಳು, ಒಳಗ ನರಳಾಡೂ ಸಪ್ಪಳಿತ್ತು, ಈಗ ಅದೂ ಇಲ್ಲಪ್ಪಾ, ನಮ್ಮ ರಫೀ ಬಾಗಲಾ ಮುರೀತೀನಂತಾನ, ನಾನ ಬ್ಯಾಡ ಅಂದೆ, ಈ ದಿನಮಾನದಾಗ ನಾವು ನಿಮ್ಮ ಮನಿ ಬಾಗಲಾ ಮುರದ್ರ ಮಂದಿ ಏನಂದಾರು, ಓಣ್ಯಾವರು ನೋಡ್ಕೋತ ನಿಂತಾರ, ಯಾರೂ ಮುಂದ ಬರವಲ್ರು, ಲಗೂ ಬಾ.

ಕೊನೆಗೂ ಊರು, ಇಳಿದ, ಓಡಿದ, ಹುಣಸೆ ಮರ, ಹಿಟ್ಟಿನ ಗಿರಣಿ, ಮಂದಿ ದಾರಿ ಬಿಟ್ಟರು, ಕಟ್ಟೆಯ ಮೇಲೆ ಚಿಗವ್ವ, ಮಡಿಲಲ್ಲಿ ಸ್ಟೀಲಿನ ಡಬ್ಬಿ, ಪಕ್ಕದಲ್ಲಿ ಅವಳ ಮಗ ರಫೀ, ಕೈಯಲ್ಲಿ ಹಾರೆ, ಬೆಳಗಿನಿಂದ ಹಿಡಿದೇ ನಿಂತಿದ್ದಾನೆ, ಬಾಗಿಲಿನಿಂದ ಎರಡು ಮಾರು ದೂರದಲ್ಲಿ, ಯಾರೋ ಗೆರೆ ಕೊರೆದು ನಿಲ್ಲಿಸಿದ ಹಾಗೆ. ಅವ್ವಾ, ನಾನು, ತಗಿ. ಬಾಗಿಲ ಎರಡು ಹಲಗೆಯ ಸಂದಿಗೆ ಕಣ್ಣಿಟ್ಟ, ಮೊದಲು ಕತ್ತಲೆ, ಆಮೇಲೆ ಚಿಲಕ, ಬಳೆಯೊಳಗೆ ಸರಿಯಾಗಿ ಕೂತ ಚಿಲಕ, ಅದರ ಕೆಳಗೆ ನೆಲದ ಮೇಲೆ ಅವ್ವನ ಹಚ್ಚೆಯ ಮುಂಗೈ, ಅಂಗೈ ಮೇಲಾಗಿ, ಬೆರಳು ಬಾಗಿಲ ಕಡೆಗೆ. ತೆಗೆಯಲಿಕ್ಕೆ ಬಂದಿದ್ದಳು. ಅವಳು ತೆಗೆಯಲಿಕ್ಕೇ ಬಂದಿದ್ದಳು. ಚಿಗವ್ವ ಅಂದಳು, ಗೋವಿಂದಾ, ಈಗರೆ ಮುರೀಲೇನಪ್ಪಾ ರಫೀ, ನೀ ಒಂದು ಮಾತು ಅನ್ನು, ಎಲ್ಲಾರಿಗೂ ಕೇಳೂವಂಗ ಅನ್ನು. ಒಂದೇ ಮಾತು, ಮುರಿ, ಎರಡೇ ಅಕ್ಷರ, ಎಂಟು ಊರಿಗೆ ಕೇಳುವ ಗಂಟಲು, ಬಾಯಿ ತೆರೆದ, ಗಾಳಿ ಬಂತು, ದನಿ ಬರಲಿಲ್ಲ, ರಫೀ ಅವನ ತುಟಿಯನ್ನೇ ನೋಡುತ್ತಿದ್ದಾನೆ, ಹಾರೆ ಮೇಲೆತ್ತಿದ್ದಾನೆ, ಗಿರಣಿಯ ತಿರುವಿನಲ್ಲಿ ಆಟೋ ಬಂತು, ತಾಯಂದಿರೇ ಅಂದಿತು, ಅಕ್ಕತಂಗಿಯರೇ ಅಂದಿತು, ಅವನ ದನಿ, ಅವನಲ್ಲಿ ಇಲ್ಲದ ದನಿ, ನಗುನಗುತ್ತಾ ಬರುತ್ತಾರೆ, ಬಿಡುವು, ಉಸಿರು ಹಿಡಿದ ಬಿಡುವು, ಸಂದಿಯೊಳಗೆ ಆ ಬೆರಳುಗಳು, ಅವುಗಳ ಮೇಲೆ ಎರಡು ಮೊಳ ಎತ್ತರದಲ್ಲಿ ಚಿಲಕ, ಚಿಲಕ, ಖಟ್.